ಥಾಮಸ್ ಮನ್ರೋ

ಸರ್ ಥಾಮಸ್ ಮನ್ರೋ (ಮೇ 27, 1761 – ಜುಲೈ 6, 1827) ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ಕಂದಾಯ ಆಡಳಿತಗಾರ ಹಾಗೂ ಮದರಾಸು ಪ್ರಾಂತದ ಗವರ್ನರ್. ನೌಕಾವೃತ್ತಿಗೆಂದು ಆಯ್ಕೆಯಾಗಿ ಸೈನಿಕನಾದ ಈತ, ಗುಪ್ತಚರ ವಿಭಾಗದ ಮೂಲಕ ಆಡಳಿತಕ್ಕೆ ಬಂದನು. 1800ರಿಂದ 1807ರವರೆಗೆ ಇಂದಿನ ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳನ್ನು ಒಳಗೊಂಡಿದ್ದ ದತ್ತ ಮಂಡಲದ ಪ್ರಧಾನ ಕಲೆಕ್ಟರನಾಗಿದ್ದನು. ಸರ್ಕಾರವು ರೈತನೊಡನೆ ನೇರವಾಗಿ ಕಂದಾಯವನ್ನು ಗೊತ್ತುಪಡಿಸುವ ರಯತ್ವಾರಿ ಪದ್ಧತಿಯನ್ನು ಬೆಳೆಸಿದವರಲ್ಲಿ ಈತ ಪ್ರಮುಖನು.

ಆರಂಭಿಕ ಜೀವನ

ಮನ್ರೋ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ವರ್ಜೀನಿಯಾದೊಡನೆ ವ್ಯಾಪಾರ ನಡೆಸುತ್ತಿದ್ದ ವರ್ತಕ. ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ಆ ವ್ಯಾಪಾರ ನಷ್ಟಕ್ಕೀಡಾಯಿತು. 1779ರಲ್ಲಿ ಮನ್ರೋಗೆ ಕಂಪನಿಯ ‘ವಾಲ್‌ಪೋಲ್’ ಹಡಗಿನಲ್ಲಿ ಮಿಡ್‌ಶಿಪ್‌ಮನ್ ಎಂಬ ಕಿರಿಯ ನೌಕಾಧಿಕಾರಿಯ ಸ್ಥಾನ ದೊರೆಯಿತು. ಹಡಗು ಹೊರಡುವ ಮುನ್ನ ತಂದೆ ಅದನ್ನು ಸೈನ್ಯದ ಕೆಡೆಟ್ ಹುದ್ದೆಗೆ ಬದಲಾಯಿಸಿದನು. ಮನ್ರೋ ಹಡಗಿನಲ್ಲಿ ನಾವಿಕನಾಗಿ ದುಡಿಯುತ್ತ ಪ್ರಯಾಣ ಮಾಡಿ, 1780ರ ಜನವರಿಯಲ್ಲಿ ಮದರಾಸು ತಲುಪಿದನು. ಅನಂತರ ಹೈದರಾಲಿಯ ವಿರುದ್ಧದ ಯುದ್ಧದಲ್ಲಿ ಪಾಲ್ಗೊಂಡನು.

ಗುಪ್ತಚರ ವಿಭಾಗ

ಹಿಂದೂಸ್ತಾನಿ ಮತ್ತು ಪಾರಸಿ ಭಾಷೆಗಳನ್ನು ಕಲಿತಿದ್ದ ಮನ್ರೋ, 1788ರ ಆಗಸ್ಟಿನಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್‌ನ ಕೈಕೆಳಗೆ ಗುಪ್ತಚರ ವಿಭಾಗದ ಸಹಾಯಕನಾಗಿ ನೇಮಕಗೊಂಡನು. ಮುಂದೆ ಮೈಸೂರಿನ ಗಡಿಗೆ ಸಮೀಪದ ಆಂಬೂರಿನಲ್ಲಿ ಅದೇ ಕೆಲಸವನ್ನು ಮುಂದುವರಿಸಿದನು. 1792ರಲ್ಲಿ ಟಿಪ್ಪು ಸುಲ್ತಾನನಿಂದ ಕಂಪನಿಗೆ ಬಂದ ಬಾರಾಮಹಲ್ ಪ್ರದೇಶದ ಆಡಳಿತವನ್ನು ರೀಡ್‌ಗೆ ವಹಿಸಿದಾಗ, ಮನ್ರೋ ಅಲ್ಲಿಯೂ ಆತನ ಸಹಾಯಕನಾದನು. ಶತ್ರುರಾಜ್ಯದ ಸುದ್ದಿ ಸಂಗ್ರಹಿಸುತ್ತಿದ್ದವರೇ ಹೊಲ, ಬೆಳೆ, ಲೆಕ್ಕಪತ್ರಗಳ ವಿವರ ಸಂಗ್ರಹಿಸತೊಡಗಿದರು. ರಯತ್ವಾರಿ ಪದ್ಧತಿಯ ಮೊದಲ ರೂಪ ಇಲ್ಲಿಯೇ ಸಿದ್ಧವಾಯಿತು. ಶ್ರೀರಂಗಪಟ್ಟಣದ ಪತನದ ನಂತರ 1799–1800ರಲ್ಲಿ ಮನ್ರೋ ಕೆನರಾ ಸೀಮೆಯ ಕಲೆಕ್ಟರನಾಗಿದ್ದನು.

ಬಳ್ಳಾರಿ ಸೀಮೆಯಲ್ಲಿ

ಹೈದರಾಬಾದಿನ ನಿಜಾಮನು 1800ರ ಅಕ್ಟೋಬರಿನಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶವೇ ದತ್ತ ಮಂಡಲ. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳು ಇದರಲ್ಲಿದ್ದವು. ಸಿರುಗುಪ್ಪ ತಾಲ್ಲೂಕಿನ ರಾರಾವಿ ಮೊದಲಾದ ಗಡಿಗ್ರಾಮಗಳೂ, ಈಗ ಆಂಧ್ರಪ್ರದೇಶದಲ್ಲಿರುವ ಆದವಾನಿಯೂ ಆಗ ಒಂದೇ ಆಡಳಿತಕ್ಕೆ ಸೇರಿದ್ದವು. ಇಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಮನ್ರೋ ಅವರ ಸೈನಿಕ ಬಲವನ್ನು ಮುರಿದು, ಹಲವರನ್ನು ಅಧಿಕಾರದಿಂದ ತೆಗೆದುಹಾಕಿದನು. ಅನಂತರ ಹೊಲಗಳನ್ನು ಒಂದೊಂದಾಗಿ ಅಳೆಸಿ, ಕಂದಾಯ ನಿಗದಿ ಮಾಡಿಸಿದನು.

ಆದರೆ ಈ ಕಂದಾಯ ಭಾರವಾಗಿತ್ತು. ಮನ್ರೋನ ಅಂದಾಜಿನಂತೆಯೇ ಅದು ಒಟ್ಟು ಉತ್ಪತ್ತಿಯ ಸುಮಾರು ಶೇ. 45ರಷ್ಟಿತ್ತು. 1807ರಲ್ಲಿ ಊರು ಬಿಡುವ ಮುನ್ನ ಆತ ಖುಷ್ಕಿ ಮತ್ತು ತರಿ ಜಮೀನುಗಳಿಗೆ ಶೇ. 25, ಬಾಗಾಯ್ತು ಜಮೀನುಗಳಿಗೆ ಶೇ. 33ರಷ್ಟು ಇಳಿಕೆಯನ್ನು ಶಿಫಾರಸು ಮಾಡಿದನು. ಮದರಾಸು ಸರ್ಕಾರ ಅದನ್ನು ಒಪ್ಪದೆ ಇಡೀ ಗ್ರಾಮಗಳನ್ನು ಗುತ್ತಿಗೆಗೆ ಕೊಟ್ಟಿತು. ಇದರಿಂದ ಗುತ್ತಿಗೆದಾರರೂ ರೈತರೂ ನಷ್ಟ ಅನುಭವಿಸಿದರು. ಮನ್ರೋ ಗವರ್ನರನಾದ ಮೇಲೆ ರಯತ್ವಾರಿಯೊಡನೆ ಈ ಇಳಿಕೆಗಳೂ ಜಾರಿಗೆ ಬಂದವು. ಸಲಹೆಗೂ ಜಾರಿಗೂ ನಡುವೆ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿತ್ತು.

ಗವರ್ನರ್ ಪದವಿ

1817–18ರ ಮರಾಠಾ ಯುದ್ಧದಲ್ಲಿ ಮನ್ರೋ ಧಾರವಾಡ ಸೀಮೆಯಲ್ಲಿ ಸ್ಥಳೀಯರ ಪಡೆ ಕಟ್ಟಿ, ಅಮಲ್ದಾರರನ್ನು ಮುಂದಾಗಿ ಕಳುಹಿಸಿ ಪೇಶ್ವೆಯ ಗ್ರಾಮಗಳನ್ನು ವಶಪಡಿಸಿಕೊಂಡನು. ಬಾದಾಮಿ ಮತ್ತು ಬೆಳಗಾವಿ ಕೋಟೆಗಳು 1818ರಲ್ಲಿ ಆತನ ಕೈಸೇರಿದವು. 1820ರಲ್ಲಿ ಮದರಾಸಿನ ಗವರ್ನರನಾಗಿ, 1822ರಲ್ಲಿ ಪ್ರಾಂತದ ಶಾಲೆಗಳ ಸಮೀಕ್ಷೆಗೆ ಆದೇಶಿಸಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಲ್ಲಿ 533 ಶಾಲೆಗಳ ಲೆಕ್ಕವಿದ್ದು, ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಭಾರತೀಯರಿಗೆ ಉನ್ನತ ಹುದ್ದೆಗಳನ್ನು ನೀಡಬೇಕೆಂದು ಮನ್ರೋ 1824ರ ಟಿಪ್ಪಣಿಯಲ್ಲಿ ವಾದಿಸಿದನು.

ಮರಣ ಮತ್ತು ಸ್ಮರಣೆ

ದತ್ತ ಮಂಡಲದ ವಿದಾಯ ಪ್ರವಾಸದಲ್ಲಿದ್ದಾಗ ಮನ್ರೋ ಪತ್ತಿಕೊಂಡದಲ್ಲಿ ಕಾಲರಾದಿಂದ ಮರಣ ಹೊಂದಿದನು. ಗುತ್ತಿಯಲ್ಲಿ ಸಮಾಧಿ ಮಾಡಿದ್ದ ಅವಶೇಷಗಳನ್ನು 1831ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಚರ್ಚಿಗೆ ಸಾಗಿಸಲಾಯಿತು. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ರಚಿಸಿದ, ಜೀನು-ರಿಕಾಪುಗಳಿಲ್ಲದ ಕುದುರೆಯ ಮೇಲೆ ಕುಳಿತ ಆತನ ಪ್ರತಿಮೆ ಚೆನ್ನೈನಲ್ಲಿದೆ. ಮಂತ್ರಾಲಯದ ಇನಾಮು ಭೂಮಿಯ ವಿಚಾರಣೆಗೆ ಹೋದಾಗ ಮನ್ರೋಗೆ ರಾಘವೇಂದ್ರ ಸ್ವಾಮಿಗಳ ದರ್ಶನವಾಯಿತೆಂಬ ಐತಿಹ್ಯ ಈ ಸೀಮೆಯಲ್ಲಿ ಪ್ರಚಲಿತವಾಗಿದೆ. ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಡುವ ರೂಢಿಯೂ ದತ್ತ ಮಂಡಲದಲ್ಲಿತ್ತು. ಇತಿಹಾಸಕಾರ ಬರ್ಟನ್ ಸ್ಟೈನ್ ಮಾತ್ರ ರಯತ್ವಾರಿಯನ್ನು ರೈತಪರ ಸುಧಾರಣೆಯಾಗಿ ಮಾತ್ರ ನೋಡದೆ, ಪಾಳೆಯಗಾರರನ್ನು ಬದಿಗೊತ್ತಿ ಕಂಪನಿಯ ಪ್ರಭುತ್ವವನ್ನು ನೆಲೆಗೊಳಿಸುವ ಸಾಧನವಾಗಿಯೂ ವಿಶ್ಲೇಷಿಸಿದ್ದಾರೆ.