ಆಚಾರವೂ ಅಂತರಂಗವೂ: ಜರ್ಮನಿಯ ಕ್ರೈಸ್ತ ಭಕ್ತಿಪಂಥ

ಧರ್ಮದ ನೆಲೆ ಬಾಹ್ಯಾಚಾರದಲ್ಲಿದೆಯೋ ಅಂತರಂಗದಲ್ಲಿದೆಯೋ ಎಂಬ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರೂ ಅನಂತರದ ಹರಿದಾಸರೂ ಅದನ್ನು ನಮ್ಮ ನುಡಿಯಲ್ಲಿಯೇ ಎತ್ತಿ ಚರ್ಚಿಸಿದ್ದಾರೆ. ಇದೇ ಪ್ರಶ್ನೆ ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ಕ್ರೈಸ್ತಸಭೆಯನ್ನು ಕಲಕಿತು. ಆಗ ಎದ್ದ ಅಲೆಗಳಲ್ಲೊಂದು ಮುಂದೆ ಮಂಗಳೂರಿನ ಕಡಲ ತಡಿಯನ್ನೂ ಮುಟ್ಟಿದುದರಿಂದ ಆ ಇತಿಹಾಸದ ಪರಿಶೀಲನೆ ನಮಗೆ ಅಪ್ರಸ್ತುತವಾಗಲಾರದು.

ಹಣ ಪಡೆದು ಪಾಪದ ದಂಡನೆಗೆ ಕ್ಷಮಾಪತ್ರ ನೀಡುವ ಪದ್ಧತಿಯನ್ನು 1517ರಲ್ಲಿ ಮಾರ್ಟಿನ್ ಲೂಥರನು ಪ್ರತಿಭಟಿಸಿದನು. ಮನುಷ್ಯನು ಉದ್ಧಾರವಾಗುವುದು ವಿಶ್ವಾಸದಿಂದಲೇ ಹೊರತು ಕರ್ಮದಿಂದಲ್ಲವೆಂಬುದು ಅವನ ಬೋಧೆಯ ತಿರುಳು. ಆದರೆ ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ ಅವನ ಹೆಸರಿನ ಸಭೆಯಲ್ಲಿಯೇ ವಿಶ್ವಾಸವೆಂದರೆ ಸಿದ್ಧಾಂತವಾಕ್ಯಗಳ ಒಪ್ಪಿಗೆ ಎಂಬಂತಾಯಿತು. 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ನಾಡನ್ನು ಹಾಳುಗೆಡವಿತ್ತು. ಉಪದೇಶಪೀಠದಿಂದ ಕೇಳಿಬರುತ್ತಿದ್ದುದು ಬಹುಮಟ್ಟಿಗೆ ಪರಮತಖಂಡನೆ. ದೀಕ್ಷಾಸ್ನಾನವಾಗಿದೆ, ಪ್ರಭುಭೋಜನದಲ್ಲಿ ಪಾಲುಗೊಂಡಿದ್ದೇವೆ. ಇನ್ನೇನು ಬೇಕು ಎಂದು ಜನರು ನೆಮ್ಮದಿಯಿಂದಿದ್ದರು.

ಈ ನೆಮ್ಮದಿಯನ್ನು ಕದಡಿದವನು ಫಿಲಿಪ್ ಯಾಕೊಬ್ ಶ್ಪೇನರ್. ಫ್ರಾಂಕ್‌ಫರ್ಟ್ ನಗರದ ಸಭಾಪಾಲಕನಾಗಿದ್ದ ಈತನು 1670ರಲ್ಲಿ ತನ್ನ ಮನೆಯಲ್ಲಿ ಭಕ್ತರ ಗೋಷ್ಠಿಗಳನ್ನು ಆರಂಭಿಸಿ, 1675ರಲ್ಲಿ 'ಪಿಯಾ ದೆಸಿದೇರಿಯ' ಎಂಬ ಪುಟ್ಟ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಆರು ಸಲಹೆಗಳಿವೆ. ಸತ್ಯವೇದವು ಎಲ್ಲರ ಕೈಗೂ ಸಿಗಬೇಕು, ಪೌರೋಹಿತ್ಯದ ಹೊಣೆ ಪ್ರತಿಯೊಬ್ಬ ವಿಶ್ವಾಸಿಯದೂ ಆಗಬೇಕು, ಧರ್ಮವು ಅರಿವಿನಲ್ಲಿ ನಿಲ್ಲದೆ ನಡೆಯಲ್ಲಿ ಕಾಣಬೇಕು, ಭಿನ್ನಮತದವರೊಡನೆ ಪ್ರೀತಿಯಿಂದ ವರ್ತಿಸಬೇಕು, ಉಪದೇಶಕರಾಗುವವರ ಶಿಕ್ಷಣದಲ್ಲಿ ಶೀಲಕ್ಕೆ ಸ್ಥಾನವಿರಬೇಕು, ಉಪದೇಶವು ಪಾಂಡಿತ್ಯಪ್ರದರ್ಶನವಾಗಬಾರದು. ಶ್ಪೇನರನು ಸಂಸ್ಕಾರಗಳನ್ನು ತಳ್ಳಿಹಾಕಲಿಲ್ಲವೆಂಬುದನ್ನು ಗಮನಿಸಬೇಕು. ಅವು ತಾವಾಗಿಯೇ ಫಲ ಕೊಡುತ್ತವೆಂಬ ಭ್ರಮೆಯನ್ನು ಮಾತ್ರ ಅವನು ನಿರಾಕರಿಸಿದನು. ವಿರೋಧಿಗಳು ಈ ಮಾರ್ಗದವರನ್ನು 'ಪೀಟಿಸ್ಟರು' ಎಂದು ಹಾಸ್ಯಮಾಡಿದರು. ಆ ಅಡ್ಡಹೆಸರೇ ಪಂಥದ ಹೆಸರಾಗಿ ಉಳಿಯಿತು.

ಶ್ಪೇನರನ ಬೋಧೆಗೆ ಕಾರ್ಯರೂಪ ಕೊಟ್ಟವನು ಔಗುಸ್ಟ್ ಹೆರ್ಮಾನ್ ಫ್ರಾಂಕೆ. 1687ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಲ್ಯೂನೆಬುರ್ಗ್ ಪಟ್ಟಣದಲ್ಲಿ ಅವನು ವಿಶ್ವಾಸವನ್ನು ಕುರಿತು ಉಪದೇಶ ಮಾಡಬೇಕಾಗಿ ಬಂತು. ಸಿದ್ಧತೆಗೆ ಕುಳಿತಾಗ, ಯಾವ ವಿಶ್ವಾಸವನ್ನು ಪರರಿಗೆ ಹೇಳಹೊರಟಿದ್ದನೋ ಅದು ತನ್ನಲ್ಲಿಯೇ ಇಲ್ಲವೆಂಬುದು ಅವನಿಗೆ ಗೋಚರವಾಯಿತು. ವರ್ಷಗಟ್ಟಲೆ ಓದಿದ ದೇವತಾಶಾಸ್ತ್ರ ಆ ಹೊತ್ತಿನಲ್ಲಿ ನೆರವಿಗೆ ಬರಲಿಲ್ಲ. ಪ್ರಾರ್ಥನೆಯಲ್ಲಿ ತೊಳಲಿ ಕಡೆಗೆ ಶಾಂತಿ ಪಡೆದನೆಂದು ಅವನೇ ಬರೆದಿಟ್ಟಿದ್ದಾನೆ. ಆ ಅನುಭವ ಕಣ್ಣೀರಿನಲ್ಲಿ ಮುಗಿಯಲಿಲ್ಲವೆಂಬುದೇ ಅದರ ಹಿರಿಮೆ. 1695ರಲ್ಲಿ ಹಾಲೆ ನಗರದ ಬಳಿಯ ಗ್ಲೌಖದಲ್ಲಿ ಕಾಣಿಕೆಯ ಡಬ್ಬಿಗೆ ಬಿದ್ದ ನಾಲ್ಕು ಚಿಲ್ಲರೆ ತಾಲರ್ ನಾಣ್ಯಗಳಿಂದ ಬಡಮಕ್ಕಳ ಶಾಲೆಯನ್ನು ತೆರೆದನು. 1727ರಲ್ಲಿ ಅವನು ತೀರಿಕೊಂಡಾಗ ಅವನ ಶಾಲೆಗಳಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳಿದ್ದರು. ಅನಾಥಾಲಯ, ಔಷಧಶಾಲೆ, ಮುದ್ರಣಾಲಯಗಳೂ ಇದ್ದವು.

ಆದರೆ ಇತಿಹಾಸಕಾರನು ಇಲ್ಲಿಗೇ ನಿಲ್ಲುವಂತಿಲ್ಲ. ಅಂತರಂಗವೂ ಆಚಾರವಾಗಬಲ್ಲುದು. ಫ್ರಾಂಕೆಗೆ ಒಮ್ಮೆ ಸಹಜವಾಗಿ ಒದಗಿದ ಪಶ್ಚಾತ್ತಾಪದ ಸಂಕಟ ಹಾಲೆಯಲ್ಲಿ ಎಲ್ಲರೂ ದಾಟಬೇಕಾದ ಕಟ್ಟಳೆಯಾಯಿತು. ಅದೇ ಶಾಲೆಯಲ್ಲಿ ಕಲಿತ ತ್ಸಿನ್‌ತ್ಸೆಂಡಾರ್ಫ್ ಪ್ರಭುವಿಗೆ ಅಂತಹ ಸಂಕಟದ ಅನುಭವವಾಗಿಲ್ಲವೆಂದು ಅವನ ಭಕ್ತಿಯನ್ನೇ ಶಂಕಿಸಿದರು. ಚೀನಾದೇಶದ ನೀತಿಯನ್ನು ಹೊಗಳಿ 1721ರಲ್ಲಿ ಉಪನ್ಯಾಸ ಮಾಡಿದ ತತ್ತ್ವಜ್ಞಾನಿ ಕ್ರಿಸ್ಟಿಯಾನ್ ವೋಲ್ಫನು, ಈ ಪಂಥದವರ ದೂರಿನ ಫಲವಾಗಿ, 1723ರಲ್ಲಿ ನಲವತ್ತೆಂಟು ಗಂಟೆಗಳೊಳಗೆ ನಾಡು ಬಿಡಬೇಕಾಯಿತು. ತಪ್ಪಿದರೆ ಗಲ್ಲೆಂದು ರಾಜಾಜ್ಞೆ. ಭಿನ್ನಮತದವರನ್ನು ಪ್ರೀತಿಸಬೇಕೆಂದ ಶ್ಪೇನರನ ಶಿಷ್ಯಪರಂಪರೆಗೆ ಇದು ಭೂಷಣವಲ್ಲ.

ಹಾಲೆಯ ಪ್ರಭಾವಕ್ಕೊಳಗಾದ ಸೀಗನ್‌ಬಾಲ್ಗನು 1706ರಲ್ಲಿ ತರಂಗಂಬಾಡಿಗೆ ಬಂದು ತಮಿಳು ಕಲಿತನು. ದಕ್ಷಿಣಭಾರತದ ದೇವತೆಗಳನ್ನು ಕುರಿತು 1713ರಲ್ಲಿ ಅವನು ಬರೆದ ಗ್ರಂಥವನ್ನು ಅಚ್ಚಿಗೆ ಕೊಡಲು ಹಾಲೆಯ ಹಿರಿಯರು ಮನಸ್ಸು ಮಾಡಲಿಲ್ಲ. ಅದು ಮದರಾಸಿನಲ್ಲಿ ಬೆಳಕು ಕಂಡದ್ದು 1867ರಲ್ಲಿ. ಇದೇ ಭಕ್ತಿಪಂಥದ ಮತ್ತೊಂದು ಕವಲಿನಿಂದ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿ, 1834ರಲ್ಲಿ ಮಂಗಳೂರಿಗೆ ಬಂದಿತು. ಆ ಸಂಸ್ಥೆಯ ಹೆರ್ಮನ್ ಮೋಗ್ಲಿಂಗರು 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರಲ್ಲದೆ, ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ಕಿಟ್ಟೆಲರ ಮಹಾನಿಘಂಟು 1894ರಲ್ಲಿ ಪ್ರಕಟವಾಯಿತು. ಮತಪ್ರಚಾರವೇ ಇವರ ಮೂಲೋದ್ದೇಶವಾಗಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಆದರೂ ಪರಧರ್ಮದ ಗ್ರಂಥವೆಂದು ಹಾಲೆ ಅಚ್ಚಿಗೆ ಹಿಂದೆಗೆದ ಕೆಲಸವನ್ನು ಮಂಗಳೂರು ಮಾಡಿತು.

ಸಂಸ್ಕಾರವನ್ನು ಬಿಟ್ಟ ಮಾತ್ರಕ್ಕೆ ವಿಶ್ವಾಸ ಶುದ್ಧವಾಗದು. ಸಂಸ್ಕಾರವನ್ನು ಹಿಡಿದ ಮಾತ್ರಕ್ಕೆ ಅದು ಕೆಡುವುದೂ ಇಲ್ಲ. ತನ್ನ ಉಪದೇಶ ಮೊದಲು ತನಗೇ ಅನ್ವಯಿಸುತ್ತದೆಯೇ ಎಂದು ಲ್ಯೂನೆಬುರ್ಗಿನ ಆ ತರುಣನು ಕೇಳಿಕೊಂಡ ಪ್ರಶ್ನೆಯಲ್ಲಿ ಈ ಚಳವಳಿಯ ಸತ್ತ್ವವಿತ್ತು. ಅದನ್ನು ತನಗೆ ಹಾಕಿಕೊಳ್ಳುತ್ತಿದ್ದಷ್ಟು ಕಾಲ ಪಂಥವು ಅನಾಥರಿಗೆ ಮನೆ ಕಟ್ಟಿತು. ಪರರಿಗೆ ಮಾತ್ರ ಹಾಕತೊಡಗಿದ ದಿನ ಒಬ್ಬ ವಿದ್ವಾಂಸನನ್ನು ಗಡಿಪಾರು ಮಾಡಿಸಿತು.