ಹೊಟ್ಟೆಹುಣ್ಣು: ಔಷಧಿಯ ಜೊತೆಗೆ ಮತ್ತೇನು?

ಹೊಟ್ಟೆಹುಣ್ಣಿಗೆ ತಣ್ಣನೆಯ ಹಾಲು ಕುಡಿಯಬೇಕೆಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಒಂದು ಕಾಲಕ್ಕೆ ಆಸ್ಪತ್ರೆಗಳೇ ಹಾಗೆ ಹೇಳುತ್ತಿದ್ದವು. ಆಮ್ಲವಿಲ್ಲದೆ ಹುಣ್ಣಿಲ್ಲವೆಂದು ವೈದ್ಯ ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಸಾರಿದ ಮೇಲೆ ಚಿಕಿತ್ಸೆಯೆಲ್ಲ ಆಮ್ಲದ ಬೆನ್ನು ಹತ್ತಿತು. 1915ರಲ್ಲಿ ಶಿಕಾಗೋದ ಬರ್ಟ್ರಮ್ ಸಿಪ್ಪಿ ಗಂಟೆಗೊಮ್ಮೆ ಹಾಲು-ಕೆನೆ, ನಡುನಡುವೆ ಕ್ಷಾರದ ಪುಡಿ ಕೊಡುವ ಪಥ್ಯವನ್ನು ಬಳಕೆಗೆ ತಂದರು. ಅದು ದಶಕಗಳ ಕಾಲ ನಡೆಯಿತು. ಹಾಲಿನಿಂದ ಉರಿ ತಣಿಯುವುದು ನಿಜ. ಆದರೆ ಅದರಲ್ಲಿರುವ ಪ್ರೋಟೀನು, ಕ್ಯಾಲ್ಸಿಯಂ ಸ್ವಲ್ಪ ಹೊತ್ತಿನಲ್ಲೇ ಮತ್ತಷ್ಟು ಆಮ್ಲ ಸುರಿಯುವಂತೆ ಮಾಡುತ್ತವೆ. ಪಥ್ಯ ಅತಿಯಾದ ಕೆಲವರಿಗೆ ಮೂತ್ರಪಿಂಡಕ್ಕೂ ಪೆಟ್ಟು ಬಿತ್ತು.

ನಿಜವಾಗಿ ಔಷಧಿಯ ಮಟ್ಟಕ್ಕೇರಿದ ಮನೆಮದ್ದು ಜ್ಯೇಷ್ಠಮಧು. ಆಯುರ್ವೇದಕ್ಕೂ ಯುರೋಪಿನ ನಾಟಿವೈದ್ಯಕ್ಕೂ ಇದು ಹಳೆಯ ಪರಿಚಯ. ಅದರ ಗಟ್ಟಿರಸ ಕೊಟ್ಟಾಗ ಹುಣ್ಣು ವಾಸಿಯಾಗುವುದನ್ನು ನೆದರ್‌ಲೆಂಡ್ಸಿನ ವೈದ್ಯ ರೆವರ್ಸ್ 1946ರಲ್ಲಿ ವರದಿ ಮಾಡಿದರು. ಜೊತೆಗೆ ಇನ್ನೊಂದನ್ನೂ ಗಮನಿಸಿದರು: ಸುಮಾರು ಐವರಲ್ಲಿ ಒಬ್ಬರಿಗೆ ಮೈ ಊದಿಕೊಳ್ಳುತ್ತಿತ್ತು. ಬೇರಿನಲ್ಲಿರುವ ಗ್ಲಿಸಿರೈಜಿನ್ ದೇಹದಲ್ಲಿ ಉಪ್ಪು-ನೀರನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತದೆ. ಇದೇ ಬೇರಿನಿಂದ ಬ್ರಿಟನ್ನಿನಲ್ಲಿ 1960ರ ದಶಕದ ಆರಂಭದಲ್ಲಿ ಕಾರ್ಬೆನೊಕ್ಸೊಲೋನ್ ಎಂಬ ಮಾತ್ರೆ ಬಂತು. ಹುಣ್ಣು ಮಾಯಿಸಿತು, ಆ ತೊಂದರೆಗಳನ್ನೂ ತಂದಿತು. 1976ರಲ್ಲಿ ಆಮ್ಲ ತಗ್ಗಿಸುವ ಸಿಮೆಟಿಡಿನ್ ಮಾತ್ರೆ ಬಂದಮೇಲೆ ಹಿಂದೆ ಸರಿಯಿತು. ಗಿಡಮೂಲಿಕೆಯಾದ್ದರಿಂದ ಅಪಾಯವಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಬೇರಿನ ಕಥೆಯನ್ನೇ. ಬಿ.ಪಿ. ಮಾತ್ರೆ ನುಂಗುವವರು ಇದನ್ನು ವೈದ್ಯರಿಗೆ ಹೇಳದೆ ತಿಂಗಳುಗಟ್ಟಲೆ ಸೇವಿಸಬಾರದು.

1949ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯ ಗಾರ್ನೆಟ್ ಚೆನಿ ಹಸಿ ಎಲೆಕೋಸಿನ ರಸವನ್ನು 13 ರೋಗಿಗಳಿಗೆ ಕೊಟ್ಟು ಬೇಗ ಗುಣವಾಯಿತೆಂದರು. ಅಷ್ಟು ಸಣ್ಣ ಪ್ರಯೋಗದ ಮೇಲೆ ಹೆಚ್ಚೇನೂ ಕಟ್ಟಲಾಗದು.

ನಮ್ಮ ನಾಡಿಗೆ ಹತ್ತಿರದ ಅಧ್ಯಾಯ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1950-60ರ ದಶಕಗಳಲ್ಲಿ ಶಸ್ತ್ರಚಿಕಿತ್ಸಕರಾಗಿದ್ದ ಫ್ರ್ಯಾಂಕ್ ಟೋವಿ, ದಕ್ಷಿಣದ ಅಕ್ಕಿ ಉಣ್ಣುವ ಸೀಮೆಗಳಲ್ಲಿ ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಹೆಚ್ಚು, ಗೋಧಿ ಉಣ್ಣುವ ಪಂಜಾಬಿನಲ್ಲಿ ಕಡಿಮೆ ಎಂಬ ವ್ಯತ್ಯಾಸದ ಹಿಂದೆ ಬಿದ್ದರು. ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರಾ ಕೂಡ ರೈಲ್ವೆ ನೌಕರರಲ್ಲಿ ದಕ್ಷಿಣ-ಉತ್ತರದ ಇದೇ ಅಂತರ ಕಂಡು, ರೊಟ್ಟಿಯನ್ನು ಅಗಿಯುವಾಗ ಹೆಚ್ಚು ಜೊಲ್ಲು ಸುರಿಯುವುದೇ ಕಾರಣವಿರಬೇಕೆಂದರು. ಟೋವಿ ಇನ್ನೂ ಮುಂದೆ ಹೋಗಿ, ನಾವು ಸಾರಿಗೆ ಬಳಸುವ ಹುರುಳಿಯನ್ನು ಇಲಿಗಳಿಗೆ ತಿನ್ನಿಸಿ, ಅದರ ಕೊಬ್ಬಿನಂಶ ಜಠರದ ಒಳಪೊರೆಯನ್ನು ಕಾಯುವುದನ್ನು ತೋರಿಸಿದರು. ಊಟದಿಂದ ಶುರುವಾದ ಪ್ರಶ್ನೆಯನ್ನು ಪ್ರಯೋಗಾಲಯದವರೆಗೆ ಒಯ್ದ ಇಂಥ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದು ನನಗೆ ಬೇಸರವಿದೆ.

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ವೈದ್ಯರಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಹುಣ್ಣಿನ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 1984ರಲ್ಲಿ ಮಾರ್ಷಲ್ ತಾವೇ ಅದನ್ನು ಕುಡಿದು ಗ್ಯಾಸ್ಟ್ರೈಟಿಸ್ (ಜಠರದ ಉರಿಯೂತ) ಬರಿಸಿಕೊಂಡರು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಲ್ಲಿಂದ ಪ್ರಶ್ನೆಯೇ ಬದಲಾಯಿತು. ಉರಿ ತಣಿಸುವುದಷ್ಟೇ ಸಾಲದು, ಬ್ಯಾಕ್ಟೀರಿಯಾ ಸಾಯಬೇಕು. ಗ್ರೀಸಿನ ಮ್ಯಾಸ್ಟಿಕ್ ಅಂಟು ಗಾಜಿನ ತಟ್ಟೆಯಲ್ಲಿ ಅದನ್ನು ಕೊಂದಿತು, ಹೆಚ್ಚಿನ ರೋಗಿಗಳ ಹೊಟ್ಟೆಯಲ್ಲಿ ನಿರ್ಮೂಲ ಮಾಡಲಿಲ್ಲ. ಜಪಾನಿನಲ್ಲಿ ದಿನಕ್ಕೆ 70 ಗ್ರಾಂ ಬ್ರೊಕೊಲಿ ಮೊಳಕೆ ತಿಂದವರಲ್ಲಿ ಸೋಂಕಿನ ಗುರುತುಗಳು ತಗ್ಗಿದವು; ತಿನ್ನುವುದು ನಿಲ್ಲಿಸಿದ ಎರಡು ತಿಂಗಳಲ್ಲಿ ಮತ್ತೆ ಮೊದಲಿನಂತಾದವು.

ಇಂದು ಜೊತೆ ಚಿಕಿತ್ಸೆಯಾಗಿ ಹೆಚ್ಚು ಗಟ್ಟಿಯಾಗಿ ನಿಂತಿರುವುದು ಪ್ರೋಬಯೋಟಿಕ್‌ಗಳು. ಆಂಟಿಬಯೋಟಿಕ್, ಆಮ್ಲ ತಗ್ಗಿಸುವ ಮಾತ್ರೆ ಸೇರಿದ 14 ದಿನಗಳ ಕೋರ್ಸಿನಲ್ಲಿ ಭೇದಿ, ವಾಕರಿಕೆಗೆ ಬೇಸತ್ತು ಅರ್ಧಕ್ಕೆ ಬಿಡುವವರುಂಟು. ಕೆಲವು ಪ್ರೋಬಯೋಟಿಕ್‌ಗಳು ಆ ತೊಂದರೆ ತಗ್ಗಿಸಿ ಕೋರ್ಸು ಮುಗಿಸಲು ನೆರವಾಗುತ್ತವೆ.

ಬ್ಯಾಕ್ಟೀರಿಯಾವನ್ನು ಬಿಟ್ಟರೆ ಹುಣ್ಣಿಗೆ ಎರಡನೇ ದೊಡ್ಡ ಕಾರಣ ನೋವಿನ ಮಾತ್ರೆಗಳು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದರೆ ಯಾವ ಕಷಾಯವೂ ಅವುಗಳ ಏಟಿಗೆ ಎದುರು ನಿಲ್ಲದು. ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಜೀರಿಗೆ ನೀರು ಕುದಿಸುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು; ಕುಡಿದ ಕಷಾಯ, ತಿಂದ ಚೂರ್ಣಗಳ ಹೆಸರನ್ನೂ ವೈದ್ಯರಿಗೆ ಹೇಳಬೇಕು.