ದಾರಿತಪ್ಪಿದ ಹಕ್ಕಿಯೂ ಸಾಕ್ಷ್ಯವಿಚಾರವೂ

ಕಂದು ನೊಣಹಿಡುಕವು ಗುಬ್ಬಿಗಿಂತಲೂ ಚಿಕ್ಕದಾದ, ಬೂದುಗಂದು ಮೈಯ, ಕಣ್ಣಿನ ಸುತ್ತ ಬಿಳಿಯ ಬಳೆಯುಳ್ಳ ಹಕ್ಕಿ. ಬೈಕಲ್ ಸರೋವರದಾಚೆಯ ದೌರಿಯಾ ಪ್ರಾಂತದ ಹೆಸರನ್ನಿಟ್ಟು 1811ರಲ್ಲಿ ಇದನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದವನು ಪಲ್ಲಾಸನು. ಸೈಬೀರಿಯದಲ್ಲಿ ಹುಟ್ಟಿದ ಹಕ್ಕಿಗಳು ಚಳಿಗೆ ಮುನ್ನ ದಕ್ಷಿಣಕ್ಕೆ ಬರುತ್ತವೆ. ಕರ್ನಾಟಕದ ಮಲೆನಾಡಿನಲ್ಲಿ ಈ ಜಾತಿ ಕಂಡರೆ ಯಾರಿಗೂ ಆಶ್ಚರ್ಯವಿಲ್ಲ. ಆದರೆ ಇಂಗ್ಲೆಂಡಿನ ಕಡಲತೀರದಲ್ಲಿ ಕಂಡಿತೆಂದು ಒಬ್ಬನು ಹೇಳಿದರೆ ನಂಬುವುದು ಹೇಗೆ?

ಆಪ್ತವಾಕ್ಯವು ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ. ಹೇಳುವವನು ಆಪ್ತನೆ ಎಂಬುದೇ ತೊಡಕು. ಈ ತೊಡಕಿಗೆ ಆಂಗ್ಲ ಪಕ್ಷಿಶಾಸ್ತ್ರಜ್ಞರು ದೊಡ್ಡ ಬೆಲೆ ತೆತ್ತರು. ಆ ಕಾಲದ ಧನಿಕ ಸಂಗ್ರಾಹಕರಿಗೆ ಬ್ರಿಟಿಷ್ ನೆಲದಲ್ಲಿ ಬಿದ್ದ ಅಪೂರ್ವ ಹಕ್ಕಿಯ ಚರ್ಮವೇ ಬೇಕು. ಅದೇ ಚರ್ಮವು ಪರದೇಶದಿಂದ ಬಂದರೆ ಅದಕ್ಕೆ ಆ ಬೆಲೆಯಿಲ್ಲ. 1892ರಿಂದ 1930ರವರೆಗೆ ಹೇಸ್ಟಿಂಗ್ಸ್ ಪಟ್ಟಣದ ಸುತ್ತಮುತ್ತಲಿನಿಂದ ಇಂಥ ಅಪೂರ್ವಗಳು ಧಾರಾಳವಾಗಿ ಬಂದುವು. ಬಹುಪಾಲು ಹಾದುಬಂದದ್ದು ಹಕ್ಕಿಗಳ ಚರ್ಮಕ್ಕೆ ಹುರುಳು ತುಂಬುವ ಒಬ್ಬನೇ ಕಸಬುದಾರನ ಅಂಗಡಿಯನ್ನು! ಪರದೇಶದಲ್ಲಿ ಕೊಂದ ಹಕ್ಕಿಗಳನ್ನು ಹಡಗಿನಲ್ಲಿ ತರಿಸಿದರೆಂಬ ಸಂಶಯ ಹುಟ್ಟಿತು. ಇಲ್ಲಿನ ಸೂಕ್ಷ್ಮವನ್ನು ಗಮನಿಸಬೇಕು. ಹಕ್ಕಿಯ ದೇಹವು ಪ್ರತ್ಯಕ್ಷ, ಅದರಲ್ಲಿ ಕಪಟವಿಲ್ಲ. ಅದು ಬಿದ್ದ ಸ್ಥಳ, ದಿನಗಳು ಮಾತ್ರ ಕೇವಲ ಶಬ್ದ. ಕೈಯಲ್ಲಿ ಹಿಡಿದ ಸಾಕ್ಷಿಯೇ ಹೀಗೆ ವಿದ್ವಾಂಸರನ್ನು ಮೋಸಗೊಳಿಸಿತು.

1962ರ ಆಗಸ್ಟಿನಲ್ಲಿ ನಿಕಲ್ಸನ್, ಫರ್ಗುಸನ್-ಲೀಸ್ ಎಂಬವರು ಈ ದಾಖಲೆಗಳನ್ನು ಶೋಧಿಸಿ ಪ್ರಕಟಿಸಿದರು. ನೆಲ್ಡರ್ ಎಂಬ ಗಣಿತಜ್ಞನು ಸಂಖ್ಯೆಗಳನ್ನು ಹೋಲಿಸಿ, ಇವು ಸಹಜವಾಗಿ ಕೂಡುವುವಲ್ಲವೆಂದು ಅನುಮಾನಪ್ರಮಾಣದಿಂದ ತೋರಿಸಿದನು. ಜಾತಿ, ಉಪಜಾತಿಗಳು ಸೇರಿ 29 ಹೆಸರುಗಳು ಬ್ರಿಟಿಷ್ ಪಟ್ಟಿಯಿಂದ ಅಳಿದುವು. ಅವುಗಳಲ್ಲಿ ಹೆಚ್ಚಿನವು ಮುಂದೆ ತಾವಾಗಿಯೇ ಹಾರಿಬಂದು ಮತ್ತೆ ಪಟ್ಟಿಗೆ ಸೇರಿದುವು. ಹಾಗಾದರೆ ಸುಳ್ಳಿನೊಡನೆ ಕೆಲವು ನಿಜಗಳೂ ಅಂದು ಅಳಿದಿರಬಹುದಲ್ಲವೆ? ಅಂಥವನ್ನು ಬೇರ್ಪಡಿಸುವ ಉಪಾಯ ಈಗ ಇಲ್ಲ.

ಇಂಥ ಎಚ್ಚರದ ಕಾಲದಲ್ಲಿ, 2007ರ ಅಕ್ಟೋಬರ್ 3ರಂದು, ಯಾರ್ಕ್‌ಷೈರಿನ ಫ್ಲ್ಯಾಂಬರೋ ಹೆಡ್ ಭೂಶಿರದಲ್ಲಿ ಒಂದು ಕಂದು ನೊಣಹಿಡುಕವು ಇಳಿಯಿತು. ಅದೇ ವರ್ಷದ ಮರಿ. ಮೊದಲ ವಲಸೆಯಲ್ಲಿ ಹೊರಟ ಎಳೆಯ ಹಕ್ಕಿಯು ಹುಟ್ಟಿನಿಂದ ಬಂದ ದಿಕ್ಕಿನ ಅರಿವು ತಲೆಕೆಳಗಾಗಿ ಆಗ್ನೇಯಕ್ಕೆ ಬದಲು ಪಶ್ಚಿಮಕ್ಕೆ ಹಾರಿರಬಹುದೆಂದು ಊಹಿಸುತ್ತಾರೆ. ಕೋವಿ ಸಿಡಿಯಲಿಲ್ಲ, ಅನೇಕರು ನೋಡಿದರು, ಛಾಯಾಚಿತ್ರಗಳನ್ನು ತೆಗೆದರು. ಅದು ಎರಡು ದಿನವಿದ್ದು ಕಣ್ಮರೆಯಾಯಿತು. ಬಳಿಕ, 1992ರ ಜುಲೈಯಲ್ಲಿ ಷೆಟ್ಲೆಂಡಿನ ಫೇರ್ ದ್ವೀಪದಲ್ಲಿ ಕಂಡಿದ್ದ ಇದೇ ಜಾತಿಯ ಹಕ್ಕಿಯ ದಾಖಲೆಯನ್ನೂ ಮರುವಿಚಾರಿಸಿ ಅಂಗೀಕರಿಸಿದರು.